ಇಸಬಿಗೆ ಮದ್ದು ಹಚ್ಚುವ ಮೊದಲು ಕೈಗೆ ಏನು ಹತ್ತಿತೆಂದು ನೋಡಿ

ದ್ರಾಕ್ಷಿ ಹಂಗಾಮಿನಲ್ಲಿ ಚರ್ಮದ ಜೋಪಾನ: ಮನೆಮದ್ದು ಎಷ್ಟರ ಮಟ್ಟಿಗೆ, ದವಾಖಾನೆ ಮದ್ದು ಎಷ್ಟರ ಮಟ್ಟಿಗೆ?

ಅಕ್ಟೋಬರ್ ಚಾಟನಿಯಿಂದ ಹಿಡಿದು ಏಪ್ರಿಲ್‌ನಲ್ಲಿ ಒಣದ್ರಾಕ್ಷಿ ಶೆಡ್ಡಿನ ಕೆಲಸ ಮುಗಿಯುವವರೆಗೆ ತಿಕೋಟಾ, ಬಬಲೇಶ್ವರ ಭಾಗದ ತೋಟಗಳಲ್ಲಿ ಕೈಗಳಿಗೆ ಬಿಡುವಿಲ್ಲ. ಕಣ್ಣಿಗೆ ಪೇಸ್ಟ್ ಹಚ್ಚುವುದು, ಔಷಧಿ ಹೊಡೆಯುವುದು, ಗೊನೆಗಳನ್ನು ದ್ರಾವಣದಲ್ಲಿ ಅದ್ದುವುದು ಎಲ್ಲವೂ ಕೈಯಿಂದಲೇ ಆಗಬೇಕು. ಇದೇ ತಿಂಗಳುಗಳಲ್ಲಿ ಹವೆ ಒಣಗಿರುತ್ತದೆ, ಚಳಿಗೆ ಚರ್ಮ ಬಿರಿಯುತ್ತದೆ. ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿ, ಅಂಗೈ ದಪ್ಪಗಾಗಿ, ಸೀಳಿ, ರಕ್ತ ಒಸರುವ ಹಂತಕ್ಕೆ ಬಂದರೆ ಆ ಕೈಯಲ್ಲಿ ಕತ್ತರಿ ಹಿಡಿಯುವುದೂ ಕಷ್ಟ, ರೊಟ್ಟಿ ತಟ್ಟುವುದೂ ಕಷ್ಟ. ಕೂಲಿ ಮಾಡುವವರಿಗೆ ಇದು ದಿನಗೂಲಿಯ ಪ್ರಶ್ನೆ. ತೋಟದ ಮಾಲಕರಿಗೆ ಹಂಗಾಮಿನ ನಡುವೆ ಆಳು ಕಡಿಮೆಯಾಗುವ ಪ್ರಶ್ನೆ.

ಇದಕ್ಕೆ ನಮ್ಮ ಭಾಗದಲ್ಲಿ ಇಸಬು ಎನ್ನುತ್ತಾರೆ. ಆಯುರ್ವೇದದಲ್ಲಿ ವಿಚರ್ಚಿಕಾ ಎಂಬ ಹೆಸರಿದೆ. ಡಾಕ್ಟರರು ಎಕ್ಸಿಮಾ ಎನ್ನುತ್ತಾರೆ. ಹೆಸರು ಯಾವುದಿದ್ದರೂ ರೈತರು ತಿಳಿಯಬೇಕಾದ ಮುಖ್ಯ ಮಾತು ಒಂದು. ದುಡಿಯುವವರ ಕೈಗೆ ಬರುವ ಇಸಬಿನ ಕಾರಣ ಬಹಳ ಸಲ ಅವರ ಕೆಲಸದಲ್ಲೇ ಇರುತ್ತದೆ. ಕಾರಣವನ್ನು ಹಾಗೇ ಬಿಟ್ಟು ಮುಲಾಮು ಹಚ್ಚುವುದೆಂದರೆ ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಇಸಬು ಎಂದರೇನು?

ನಮ್ಮ ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯಂತಿದೆ. ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಸಾಬೂನು, ಸುಣ್ಣ, ರಾಸಾಯನಿಕ, ಒಣಹವೆ ಇವು ಆ ಜಿಡ್ಡನ್ನು ತೊಳೆದುಹಾಕಿದಾಗ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಪದಾರ್ಥ ಒಳಗೆ ಇಳಿಯುತ್ತದೆ. ಆಗ ಚರ್ಮ ಕೆರಳಿ ಕೆಂಪಾಗುತ್ತದೆ, ತುರಿಸುತ್ತದೆ, ಸಣ್ಣ ನೀರುಗುಳ್ಳೆ ಏಳುತ್ತವೆ. ಕೆರೆದಷ್ಟೂ ಚರ್ಮ ದಪ್ಪವಾಗುತ್ತದೆ, ಕಪ್ಪಾಗುತ್ತದೆ, ತುರಿಕೆಯೂ ಹೆಚ್ಚುತ್ತದೆ.

ಇಸಬು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇಸಬಾದವರ ಕೈಯ ಊಟ, ಅವರ ಹಾಸಿಗೆ, ಅವರ ಮಗ್ಗುಲಲ್ಲಿ ಕೂರುವುದು ಯಾವುದಕ್ಕೂ ಹೆದರಬೇಕಾಗಿಲ್ಲ. ಇದು ಶಾಪವೂ ಅಲ್ಲ, ರಕ್ತ ಕೆಟ್ಟದ್ದರ ಗುರುತೂ ಅಲ್ಲ. ಮಕ್ಕಳಲ್ಲಿ ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳಲ್ಲಿ ಕಾಣುವ ಇಸಬಿಗೆ ಮನೆತನದ ಗುಣವೂ ಕಾರಣ. ಅಂಥ ಮನೆಗಳಲ್ಲಿ ಯಾರಿಗಾದರೂ ದಮ್ಮು ಅಥವಾ ಮೇಲಿಂದ ಮೇಲೆ ಸೀನು ಬರುವ ಸ್ವಭಾವ ಇರುವುದುಂಟು.

ಇಸಬಲ್ಲದ್ದನ್ನು ಇಸಬು ಎನ್ನಬೇಡಿ

ತುರಿಸುವುದೆಲ್ಲ ಇಸಬಲ್ಲ. ಮೂರು ಬೇನೆಗಳನ್ನು ಬೇರೆಯಾಗಿ ಗುರುತಿಸಬೇಕು.

1. ಗಜಕರ್ಣ: ಉಂಗುರದಂತೆ ದುಂಡಗೆ ಹಬ್ಬುತ್ತದೆ. ಅಂಚು ಕೆಂಪು, ನಡುವೆ ತಿಳಿ. ತೊಡೆಸಂದಿ, ಸೊಂಟಗಳಲ್ಲಿ ಹೆಚ್ಚು. ಇದು ಶಿಲೀಂಧ್ರದಿಂದ ಬರುವುದು, ಅಂಟುತ್ತದೆ. ಇಸಬಿನ ಮುಲಾಮು ಹಚ್ಚಿದರೆ ಒಳಗೊಳಗೇ ಬೆಳೆಯುತ್ತದೆ.

2. ಕಜ್ಜಿ: ರಾತ್ರಿ ತುರಿಕೆ ವಿಪರೀತ. ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಗುಳ್ಳೆಗಳು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತುರಿಕೆ ಇದ್ದರೆ ಕಜ್ಜಿ ಎಂದು ಸಂಶಯಪಡಿ. ಇದು ಸಣ್ಣ ಹುಳುವಿನಿಂದ ಬರುವುದು. ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಂಡರೆ ಮಾತ್ರ ಹೋಗುತ್ತದೆ.

3. ತುರಿಸದ ಮಚ್ಚೆ: ಬಣ್ಣ ಮಾಸಿದ ಅಥವಾ ಕೆಂಪಾದ ಮಚ್ಚೆಯಲ್ಲಿ ಮುಟ್ಟಿದ್ದು, ಬಿಸಿ, ತಣ್ಣನೆಯದು ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ಹೆದರಬೇಡಿ, ಅಡಗಿಸಲೂ ಬೇಡಿ. ಸರ್ಕಾರಿ ದವಾಖಾನೆಯಲ್ಲಿ ಔಷಧಿ ಉಚಿತ, ಬೇನೆ ಪೂರ್ತಿ ವಾಸಿಯಾಗುತ್ತದೆ.

ತೋಟದಲ್ಲಿ ಕೈಗೆ ಹತ್ತುವುದೇನು?

ನಿಮ್ಮ ತುರಿಕೆ ಯಾವ ಕೆಲಸದ ನಂತರ ಶುರುವಾಯಿತು, ಕೆಲಸವಿಲ್ಲದ ವಾರ ಕಡಿಮೆಯಾಯಿತೇ ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತ ಬನ್ನಿ. ಒಂದು ತಿಂಗಳ ಗುರುತು ಡಾಕ್ಟರರಿಗೂ ದಾರಿ ತೋರಿಸುತ್ತದೆ. ನೋಡಬೇಕಾದ ವಸ್ತುಗಳು ಇವು.

ಹೈಡ್ರೋಜನ್ ಸಯನಮೈಡ್: ಚಾಟನಿಯ ನಂತರ ಕಣ್ಣು ಬೇಗ ಮತ್ತು ಒಟ್ಟಿಗೆ ಒಡೆಯಲೆಂದು ಹಚ್ಚುವ ಔಷಧಿ ಇದು. ಚರ್ಮವನ್ನು ಸುಡುವಷ್ಟು ತೀಕ್ಷ್ಣ. ಬರಿಗೈಯಲ್ಲಿ ಬಟ್ಟೆ ಅದ್ದಿ ಹಚ್ಚುವ ರೂಢಿಯನ್ನು ಬಿಡಲೇಬೇಕು. ಇನ್ನೊಂದು ಅಪಾಯವೂ ಇದೆ. ಈ ಔಷಧಿ ಮುಟ್ಟಿದವರು ಸೆರೆ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದ ಒತ್ತಡ ಇಳಿದು ಬೀಳಬಹುದು. ಹಚ್ಚುವ ಹಿಂದಿನ ದಿನದಿಂದ ಹಿಡಿದು ಹಚ್ಚಿದ ಒಂದು ವಾರದವರೆಗೆ ಸೆರೆ ಮುಟ್ಟಕೂಡದು.

ಒಣದ್ರಾಕ್ಷಿಯ ಅದ್ದುವ ದ್ರಾವಣ: ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ (ಈಥೈಲ್ ಓಲಿಯೇಟ್) ಬೆರೆಸುವುದು ರೂಢಿ. ಹಣ್ಣಿನ ಮೇಲಿನ ಮೇಣದ ಪದರನ್ನು ಸಡಿಲಿಸಿ ಬೇಗ ಒಣಗುವಂತೆ ಮಾಡುವುದೇ ಇದರ ಕೆಲಸ. ಯೋಚಿಸಿ ನೋಡಿ: ಹಣ್ಣಿನ ಮೇಣವನ್ನು ಬಿಡಿಸುವ ದ್ರಾವಣ ನಿಮ್ಮ ಕೈಯ ಜಿಡ್ಡನ್ನು ಬಿಟ್ಟೀತೇ? ದಿನವಿಡೀ ಅದರಲ್ಲಿ ಕೈಯಾಡಿಸಿದರೆ ಅಂಗೈ ಬಿರಿಯುವುದು ಖಂಡಿತ. ಗೊನೆಗಳನ್ನು ತೂತಿನ ಕ್ರೇಟಿನಲ್ಲಿ ತುಂಬಿ, ಕ್ರೇಟನ್ನೇ ಹಿಡಿಕೆ ಹಿಡಿದು ಅದ್ದಿದರೆ ಕೈ ದ್ರಾವಣಕ್ಕೆ ಇಳಿಯುವ ಅಗತ್ಯವೇ ಇರುವುದಿಲ್ಲ.

ಬೋರ್ಡೋ ದ್ರಾವಣ ಮತ್ತು ಗಂಧಕ: ಮೈಲುತುತ್ತ, ಸುಣ್ಣ, ಗಂಧಕ ಮೂರೂ ಚರ್ಮವನ್ನು ಕೆರಳಿಸುತ್ತವೆ. ಕೈಯಿಂದ ಕಲಸಬೇಡಿ, ಕೋಲಿನಿಂದ ಕಲಸಿ. ಗಾಳಿಗೆ ಎದುರಾಗಿ ಹೊಡೆಯಬೇಡಿ.

ಕಡಲೆ ಹುಳಿ: ಕಡಲೆ ಗಿಡದ ಮೇಲಿನ ಹುಳಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿವೆ. ಇಬ್ಬನಿಯ ಹೊತ್ತಿನಲ್ಲಿ ಬರಿಗೈಯಿಂದ ಗಿಡ ಕಿತ್ತರೆ ಬಿರಿದ ಕೈ ಇನ್ನಷ್ಟು ಉರಿಯುತ್ತದೆ. ಜೋಳ ರಾಶಿ ಮಾಡುವಾಗ ಏಳುವ ಹೊಟ್ಟಿನ ಧೂಳೂ ಹಲವರಿಗೆ ಒಗ್ಗುವುದಿಲ್ಲ.

ಮನೆಯೊಳಗಿನವು: ಪಾತ್ರೆ, ಬಟ್ಟೆಯ ಸಾಬೂನು, ಸೋಡಾಪುಡಿ, ಬೆಳ್ಳುಳ್ಳಿ ಸುಲಿಯುವುದು, ಸಿಮೆಂಟು, ರಬ್ಬರಿನ ಚಪ್ಪಲಿ, ಅಗ್ಗದ ಬಳೆ ಮತ್ತು ಕಿವಿಯೋಲೆಯ ನಿಕ್ಕಲ್. ಗಡಸು ನೀರಿನ ಬಾವಿ, ಬೋರ್‌ವೆಲ್ ಇರುವಲ್ಲಿ ಸಾಬೂನು ನೊರೆ ಬಾರದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಂಥಲ್ಲಿ ಸಾಬೂನು ಕಡಿಮೆ ಬಳಸಿ, ನೀರಿನಿಂದ ಚೆನ್ನಾಗಿ ತೊಳೆದುಕೊಳ್ಳಬೇಕು. ಕೈಯ ಕಲೆ ತೆಗೆಯಲು ಸೀಮೆಎಣ್ಣೆ, ಸೋಡಾಪುಡಿ ಉಜ್ಜುವುದು ಬೇಡವೇ ಬೇಡ.

ಕಾಂಗ್ರೆಸ್ ಕಸದ ಇಸಬು

ಬದುವಿನಲ್ಲಿ, ರಸ್ತೆ ಬದಿಯಲ್ಲಿ ಬಿಳಿ ಹೂ ಬಿಡುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಕಸ ನಮ್ಮ ನಾಡಿನದಲ್ಲ, ಅಮೆರಿಕ ಖಂಡದ್ದು. ಭಾರತದಲ್ಲಿ ಇದು 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಲ್ಲಿಯೇ ಇದರಿಂದ ಇಸಬಾದ ರೋಗಿಗಳನ್ನು ಡಾಕ್ಟರರು ಮೊದಲು ಗುರುತಿಸಿದರು. ಇದರ ಎಲೆ, ಕಾಂಡ, ಹೂವುಗಳ ಸಣ್ಣ ಕೂದಲುಗಳಲ್ಲಿ ಪಾರ್ಥೆನಿನ್ ಎಂಬ ಪದಾರ್ಥವಿದೆ. ಒಣಗಿದ ಕಸದ ಧೂಳು ಗಾಳಿಯಲ್ಲಿ ಹಾರಿ ಬಂದು ಮೈಮೇಲೆ ಕೂತರೂ ಸಾಕು, ಒಗ್ಗದವರಿಗೆ ಇಸಬು ಏಳುತ್ತದೆ.

ಗುರುತು ಹೀಗಿದೆ. ರೆಪ್ಪೆ, ಕುತ್ತಿಗೆಯ ಸುತ್ತ, ಮೊಣಕೈ ಮಡಿಕೆ, ಕಿವಿಯ ಹಿಂಭಾಗ ಕೆಂಪಾಗಿ ದಪ್ಪಗಾಗುತ್ತವೆ. ಬಟ್ಟೆಯಿಂದ ಮುಚ್ಚಿದ ಭಾಗ ಮೊದಮೊದಲು ಚೆನ್ನಾಗಿರುತ್ತದೆ. ಹೊಲದಲ್ಲಿ ದುಡಿಯುವ ದೊಡ್ಡವರಿಗೆ ಇದು ಹೆಚ್ಚು. ವರ್ಷಗಳ ಕಾಲ ಏನೂ ಆಗದೆ ಇದ್ದವರಿಗೂ ಒಂದು ದಿನ ಶುರುವಾಗಬಹುದು. ಒಮ್ಮೆ ಒಗ್ಗದಂತಾದರೆ ಮುಂದೆ ಒಗ್ಗುವುದು ಅಪರೂಪ. ಸೇವಂತಿ, ಸೂರ್ಯಕಾಂತಿ, ಕುಸುಬೆ ಇದೇ ಕುಟುಂಬದ ಗಿಡಗಳಾದ್ದರಿಂದ ಕೆಲವರಿಗೆ ಅವೂ ತೊಂದರೆ ಕೊಡುತ್ತವೆ.

ಕಸವನ್ನು ಮಳೆಗಾಲದಲ್ಲಿ, ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ ಬೇರುಸಹಿತ ಕೀಳಬೇಕು. ಕೀಳುವವರು ಕೈಚೀಲ, ತುಂಬುತೋಳಿನ ಅಂಗಿ ಹಾಕಿಕೊಂಡು ಮೂಗು, ಕುತ್ತಿಗೆಗೆ ಬಟ್ಟೆ ಸುತ್ತಬೇಕು. ಇಸಬಿರುವವರು ಈ ಕೆಲಸಕ್ಕೆ ಹೋಗಬಾರದು. ಹೂ ಬಿಡದ ಕಸವನ್ನು ತಿಪ್ಪೆಗೆ ಹಾಕಿ ಗೊಬ್ಬರ ಮಾಡಬಹುದು. ಬೆಳೆ ಇಲ್ಲದ ರಸ್ತೆ ಬದಿಯಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡಿಗೆ ಉಪ್ಪು ಕರಗಿಸಿ ಹೊಡೆದರೆ ಕಸ ಸುಡುತ್ತದೆ. ಹೊಲದೊಳಗೆ ಉಪ್ಪು ಹೊಡೆಯಬೇಡಿ, ಮಣ್ಣು ಸವಳಾಗುತ್ತದೆ. ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1983ರಲ್ಲಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಈಗ ಅದು ಹಲವು ಕಡೆ ಹರಡಿದೆ. ಕಸದ ಮೇಲೆ ಪಟ್ಟೆಯ ಆ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ.

ಮನೆಮದ್ದು: ಯಾವುದು ಹಿತ, ಯಾವುದು ಅಹಿತ?

ಎಣ್ಣೆ ಹಚ್ಚುವುದು ಇಸಬಿಗೆ ಎಲ್ಲಕ್ಕಿಂತ ದೊಡ್ಡ ಮನೆಮದ್ದು. ಉಗುರು ಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದಲ್ಲಿ ಸ್ನಾನ ಮುಗಿಸಿ, ಒರಟು ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಎಣ್ಣೆ ಹಚ್ಚಿ. ತಡಮಾಡಿದರೆ ತೇವ ಆರಿಹೋಗುತ್ತದೆ. ಶುದ್ಧ ಕೊಬ್ಬರಿ ಎಣ್ಣೆ ಒಳ್ಳೆಯದು. ಇಸಬಿನ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಸಿ ಕಾಯಿಯಿಂದ ತೆಗೆದ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಗಿಂತ ಹೆಚ್ಚು ಗುಣ ಕೊಟ್ಟಿತು. ಸೀಳಿದ ಅಂಗೈ, ಹಿಮ್ಮಡಿಗೆ ವಾಸನೆ ಬೆರೆಸದ ಪೆಟ್ರೋಲಿಯಂ ಜೆಲ್ಲಿ ಇನ್ನೂ ಮೇಲು. ರಾತ್ರಿ ದಪ್ಪಗೆ ಹಚ್ಚಿ ಹಳೆಯ ಹತ್ತಿಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗಿ. ಸಾಸಿವೆ ಎಣ್ಣೆ ಕೆರಳಿಸುತ್ತದೆ, ಅದು ಬೇಡ.

ನೀರು ಒಸರುವ ಹಸಿ ಇಸಬಿಗೆ ಎಣ್ಣೆ ಹಚ್ಚಬಾರದು. ಪೊಟ್ಯಾಸಿಯಂ ಪರಮಾಂಗನೇಟನ್ನು ತಿಳಿ ಗುಲಾಬಿ ಬಣ್ಣ ಬರುವಷ್ಟೇ ನೀರಿಗೆ ಹಾಕಿ, ಪೂರ್ತಿ ಕರಗಿಸಿ, ಸ್ವಚ್ಛ ಹತ್ತಿಯ ಬಟ್ಟೆ ಅದ್ದಿ ದಿನಕ್ಕೆ ಎರಡು ಸಲ ಹತ್ತು ಹದಿನೈದು ನಿಮಿಷ ಇಡಿ. ಲೀಟರಿಗೆ 100 ಮಿಲಿಗ್ರಾಂ ಸಾಕು. ನೇರಳೆ ಬಣ್ಣ ಬಂದರೆ ಹೆಚ್ಚಾಯಿತೆಂದು ತಿಳಿದು ಚೆಲ್ಲಿಬಿಡಿ, ಚರ್ಮ ಸುಡುತ್ತದೆ. ಹರಳು ಕರಗದೆ ಉಳಿದರೂ ಸುಡುತ್ತದೆ. ಒಸರುವುದು ನಿಂತ ಕೂಡಲೇ ಇದನ್ನೂ ನಿಲ್ಲಿಸಿ ಎಣ್ಣೆಗೆ ಬನ್ನಿ.

ಬೇವಿನ ಎಲೆ ಕುದಿಸಿ ಆರಿಸಿದ ನೀರಿನಿಂದ ತೊಳೆಯುವುದರಿಂದ ಕೆಲವರಿಗೆ ಹಿತವಾಗುತ್ತದೆ, ಅದರಿಂದಲೇ ಇಸಬು ಹೋಗುತ್ತದೆಂದು ಕಾಯಬೇಡಿ. ಅರಿಸಿನ, ಲೋಳೆಸರ, ಹೊಂಗೆಎಣ್ಣೆ, ಬೇವಿನೆಣ್ಣೆ ಯಾವುದನ್ನಾದರೂ ಹಚ್ಚುವ ಮೊದಲು ಮೊಣಕೈ ಒಳಬದಿಯ ಒಳ್ಳೆಯ ಚರ್ಮದ ಮೇಲೆ ರೂಪಾಯಿಯಷ್ಟು ಜಾಗದಲ್ಲಿ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ ಬಂದರೆ ಅದು ನಿಮಗೆ ಒಗ್ಗುವುದಿಲ್ಲ. ಗಿಡಮೂಲಿಕೆ ಎಂದ ಮಾತ್ರಕ್ಕೆ ಎಲ್ಲರಿಗೂ ನಿರಪಾಯವಲ್ಲ. ಕಾಂಗ್ರೆಸ್ ಕಸವೂ ಗಿಡವೇ.

ಮುಟ್ಟಲೇಬಾರದವು ಇವು: ಎಕ್ಕೆಯ ಹಾಲು, ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆ, ಬ್ಯಾಟರಿಯ ಕಪ್ಪುಪುಡಿ, ಸುಟ್ಟ ಇಂಜಿನ್ ಆಯಿಲ್. ಇವು ಇಸಬಿನ ಮೇಲೆ ಸುಟ್ಟಗಾಯ ಮಾಡುತ್ತವೆ. ಇಂಡಿಯ ನಿಂಬೆ ಊಟಕ್ಕೆ ಶ್ರೇಷ್ಠ, ತುರಿಕೆಗೆ ಅಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಗುಳ್ಳೆ ಎದ್ದು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಬದನೆಕಾಯಿ, ಶೇಂಗಾ ನಂಜು ಎಂದು ಬಿಡಿಸುವ ರೂಢಿಯುಂಟು. ತಿಂದಾಗಲೆಲ್ಲ ತುರಿಕೆ ಹೆಚ್ಚುವುದು ನಿಜವಾಗಿ ಕಂಡರೆ ಮಾತ್ರ ಬಿಡಿ. ಮಕ್ಕಳಿಗೆ ಹಾಲು, ತತ್ತಿ, ಬೇಳೆ, ಶೇಂಗಾ ಎಲ್ಲವನ್ನೂ ನಿಲ್ಲಿಸಿದರೆ ಇಸಬು ಹೋಗುವುದಿಲ್ಲ, ಮಗು ಸೊರಗುತ್ತದೆ.

ದವಾಖಾನೆ ಮದ್ದು

ಎಣ್ಣೆ ಮತ್ತು ಎಚ್ಚರಿಕೆಯಿಂದ ಎರಡು ವಾರದಲ್ಲಿ ಇಳಿಯದ ಇಸಬಿಗೆ ಡಾಕ್ಟರರು ಸಾಮಾನ್ಯವಾಗಿ ಸ್ಟೀರಾಯ್ಡ್ ಮುಲಾಮು ಬರೆದುಕೊಡುತ್ತಾರೆ. ಹೆಸರು ಕೇಳಿ ಹೆದರುವುದೂ ತಪ್ಪು, ಕಂಡಕಂಡಲ್ಲಿ ಹಚ್ಚುವುದೂ ತಪ್ಪು. ಮುಖ, ಮಡಿಕೆ ಮತ್ತು ಮಕ್ಕಳ ಚರ್ಮಕ್ಕೆ ಸೌಮ್ಯವಾದದ್ದು. ದಪ್ಪವಾದ ಅಂಗೈ, ಅಂಗಾಲಿಗೆ ಜೋರಾದದ್ದು. ಇದನ್ನು ಆರಿಸುವುದು ಡಾಕ್ಟರರ ಕೆಲಸ. ಅಳತೆ ತಿಳಿಯಲು ಒಂದು ಸುಲಭ ಲೆಕ್ಕವಿದೆ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೇಳಿದಷ್ಟು ದಿನ ಹಚ್ಚಿ, ಹೇಳಿದ ಕ್ರಮದಲ್ಲೇ ಬಿಡಿ. ಮುಖದಂಥ ಕಡೆಗೆ ಸ್ಟೀರಾಯ್ಡ್ ಇಲ್ಲದ ಟ್ಯಾಕ್ರೋಲಿಮಸ್ ಮುಲಾಮೂ ಉಂಟು.

ಕಾರಣ ತಿಳಿಯದಿದ್ದರೆ ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಎರಡು ದಿನದ ಮೇಲೆ ತೆಗೆದು ನೋಡುವ ಪ್ಯಾಚ್ ಪರೀಕ್ಷೆ ಇದೆ. ಕಾಂಗ್ರೆಸ್ ಕಸ, ನಿಕ್ಕಲ್, ಸಿಮೆಂಟಿನ ಕ್ರೋಮಿಯಂ, ರಬ್ಬರ್ ಇವುಗಳಲ್ಲಿ ಯಾವುದು ಒಗ್ಗದೆಂಬುದು ಇದರಿಂದ ಗೊತ್ತಾಗುತ್ತದೆ. ಕಾಂಗ್ರೆಸ್ ಕಸದ ಇಸಬು ಮೈತುಂಬ ಹಬ್ಬಿದವರಿಗೆ ಅಜಾಥಿಯೋಪ್ರಿನ್ ಎಂಬ ಗುಳಿಗೆಯಿಂದ ಗುಣ ಕಂಡುಬಂದಿದೆ. ಅದನ್ನು ತೆಗೆದುಕೊಳ್ಳುವಾಗ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು.

ಚರ್ಮದ ಡಾಕ್ಟರರನ್ನು ಕಾಣಲು ವಿಜಯಪುರದ ಜಿಲ್ಲಾ ಆಸ್ಪತ್ರೆಗೆ, ಬಿ.ಎಲ್.ಡಿ.ಇ.ಯ ಶ್ರೀ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಅಥವಾ ಅಲ್-ಅಮೀನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಆಯುರ್ವೇದ ಬೇಕೆನ್ನುವವರು ಪದವಿ ಪಡೆದ, ನೋಂದಣಿಯಾದ ವೈದ್ಯರಲ್ಲಿಗೇ ಹೋಗಿ. ಎರಡೂ ಕಡೆ ಔಷಧಿ ನಡೆದಿದ್ದರೆ ಇಬ್ಬರಿಗೂ ಹೇಳಿ.

ಅಂಗಡಿಯ ಟ್ಯೂಬು, ಸಂತೆಯ ಪುಡಿ

ಔಷಧಿ ಅಂಗಡಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬು ಕೊಡ್ರಿ’ ಎಂದರೆ ಬಹಳ ಸಲ ಸಿಗುವುದು ಜೋರಾದ ಸ್ಟೀರಾಯ್ಡ್ ಜೊತೆಗೆ ಮತ್ತೆರಡು ಔಷಧಿ ಬೆರೆಸಿದ ಮುಲಾಮು. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ. ಬಿಟ್ಟ ಮೇಲೆ ದುಪ್ಪಟ್ಟಾಗಿ ಮರಳುತ್ತದೆ, ಮತ್ತೆ ಟ್ಯೂಬು ಬೇಕಾಗುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಚರ್ಮ ತೆಳ್ಳಗಾಗಿ ನರ ಕಾಣುತ್ತದೆ, ತೊಡೆಯಲ್ಲಿ ಸೀಳುಗೆರೆ ಬೀಳುತ್ತದೆ, ಮುಖ ಕೆಂಪಾಗಿ ಬಿಸಿಲು ತಾಳದಂತಾಗುತ್ತದೆ. ಗಜಕರ್ಣವಿದ್ದರೆ ಮೈತುಂಬ ಹಬ್ಬಿ ಔಷಧಿಗೆ ಜಗ್ಗದಂತಾಗುತ್ತದೆ. ಇಂಥ ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಆದುದರಿಂದ ಚೀಟಿ ಇಲ್ಲದೆ ಕೇಳಬೇಡಿ, ನೆರೆಯವರ ಟ್ಯೂಬು ಹಚ್ಚಬೇಡಿ.

ಹೆಸರು, ವಿಳಾಸ ಇಲ್ಲದ ಸಂತೆಯ ಪುಡಿ, ‘ಒಂದೇ ಸೂಜಿಗೆ ವಾಸಿ’ ಎಂಬ ಮಾತು ಇವುಗಳಿಂದಲೂ ದೂರವಿರಿ. ಅಂಥ ಪುಡಿ, ಸೂಜಿಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಇದು ಒಳಗೆ ಹೋದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತದವರೆಗೂ ಒಯ್ಯಬಹುದು.

ತೋಟದ ಮಾಲಕರಿಗೆ

ಔಷಧಿ ಹೊಡೆಯುವ ಆಳುಗಳಿಗೆ ರಕ್ಷಣೆಯ ಬಟ್ಟೆಬರೆ ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಕೆಲಸ ಶುರುವಾಗುವ ಮೊದಲು ಇಷ್ಟನ್ನು ಸಿದ್ಧಮಾಡಿ.

1. ಪ್ರತಿಯೊಬ್ಬರಿಗೂ ಎರಡು ಜೊತೆ ಕೈಚೀಲ: ಒಳಗೆ ಹತ್ತಿಯದು, ಮೇಲೆ ನೈಟ್ರೈಲ್ ರಬ್ಬರಿನದು. ಬೆವರಿದ ಒಳಚೀಲವನ್ನು ಆಗಾಗ ಬದಲಿಸಬೇಕು. ತೂತುಬಿದ್ದ ಕೈಚೀಲ ಬರಿಗೈಗಿಂತ ಕೆಟ್ಟದ್ದು, ಔಷಧಿ ಒಳಗೇ ನಿಲ್ಲುತ್ತದೆ.

2. ಕೆಲಸದ ಜಾಗದಲ್ಲೇ ತೊಳೆಯಲು ಒಳ್ಳೆಯ ನೀರು, ಮೈಸಾಬೂನು, ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ.

3. ಅದ್ದುವ ಕೆಲಸಕ್ಕೆ ಹಿಡಿಕೆಯ ಕ್ರೇಟುಗಳು. ಒಬ್ಬರನ್ನೇ ದಿನವಿಡೀ ನಿಲ್ಲಿಸದೆ ಪಾಳಿ.

4. ಕೈ ಬಿರಿದವರಿಗೆ ಕೆಲಸ ನಿಲ್ಲಿಸದೆ ಒಣ ಕೆಲಸ ಕೊಡಿ. ಕೂಲಿ ಹೋಗುತ್ತದೆಂಬ ಭಯದಿಂದಲೇ ಬಹಳ ಜನ ಬೇನೆ ಮುಚ್ಚಿಡುತ್ತಾರೆ.

ಈ ಎಲ್ಲಕ್ಕೆ ತಗಲುವ ಖರ್ಚು ಒಂದು ಸಲದ ಔಷಧಿ ಹೊಡೆಯುವ ಖರ್ಚಿನ ಮುಂದೆ ದೊಡ್ಡದಲ್ಲ.

ತಡ ಮಾಡಬಾರದ ಸಮಯ

ಇಸಬಿನಲ್ಲಿ ಕೀವು ತುಂಬಿ ಜ್ವರ ಬಂದರೆ, ಬಾವು ಮೇಲಕ್ಕೆ ಏರಿದರೆ, ಒಮ್ಮೆಲೇ ನೋವಿನ ನೀರುಗುಳ್ಳೆಗಳು ಗುಂಪಾಗಿ ಎದ್ದರೆ, ಮೈಯೆಲ್ಲ ಕೆಂಪಾಗಿ ಸಿಪ್ಪೆ ಸುಲಿದರೆ ಅದೇ ದಿನ ದವಾಖಾನೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರು ಕಾಲಿನ ಇಸಬನ್ನು ಒಂದು ದಿನವೂ ಅಲಕ್ಷಿಸಬಾರದು.

ಇನ್ನೊಂದು ಮಾತು. ತುರಿಕೆ ನಿಂತು ಕೈ ನುಣುಪಾಗಿ ಕಂಡರೂ ಒಳಗಿನ ಚರ್ಮ ಗಟ್ಟಿಯಾಗಲು ಮತ್ತೆ ಕೆಲವು ತಿಂಗಳು ಬೇಕು. ಅಷ್ಟು ದಿನವೂ ಎಣ್ಣೆ, ಕೈಚೀಲ ಬಿಡಬೇಡಿ. ಈ ಹಂಗಾಮಿನಲ್ಲಿ ಕೈ ಬಿರಿದವರು ಮುಂದಿನ ಚಾಟನಿಗೆ ಕತ್ತರಿ ಹರಿತ ಮಾಡಿಸುವಾಗಲೇ ಕೈಚೀಲವನ್ನೂ ಕೊಂಡು ಇಟ್ಟುಕೊಳ್ಳಲಿ.